ಪತ್ರಿಕೋದ್ಯಮ ಪದವಿಗೆ ಹಾಕಿದ ಹಣ ಮರಳಿ ಬರುತ್ತದೆಯೇ? ಸೇರುವ ಮೊದಲು ಲೆಕ್ಕ ಹಾಕುವ ಕ್ರಮ

ಕರ್ನಾಟಕದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನವನ್ನು ಕಲಿಯಲು ಇಂದು ತೀರಾ ಬೇರೆ ಬೇರೆ ಬೆಲೆಗಳಿವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಪದವಿಯ ಒಂದು ವಿಷಯವಾಗಿ ಅದನ್ನು ಕೆಲವೇ ಸಾವಿರ ರೂಪಾಯಿ ಶುಲ್ಕದಲ್ಲಿ ಓದಬಹುದು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅದೇ ಮೂರು ವರ್ಷಕ್ಕೆ ಹಲವು ಲಕ್ಷ ರೂಪಾಯಿ ಬೇಕಾಗಬಹುದು. ಹೀಗೆ ಎರಡು ದಾರಿಯಲ್ಲಿ ಬಂದ ಇಬ್ಬರು ಒಂದೇ ಸುದ್ದಿಮನೆಯ ಒಂದೇ ಡೆಸ್ಕಿನಲ್ಲಿ, ಒಂದೇ ಸಂಬಳಕ್ಕೆ ಕೆಲಸ ಆರಂಭಿಸುವುದು ಅಪರೂಪವೇನಲ್ಲ. ಆದ್ದರಿಂದ ‘ಈ ಪದವಿಗೆ ಬೆಲೆ ಇದೆಯೇ’ ಎಂದು ಒಟ್ಟಾರೆಯಾಗಿ ಕೇಳಿದರೆ ಉಪಯುಕ್ತ ಉತ್ತರ ಸಿಗುವುದಿಲ್ಲ. ಇಷ್ಟು ಖರ್ಚಿನಲ್ಲಿ, ಈ ಕಾಲೇಜಿನಲ್ಲಿ, ಈ ವಿದ್ಯಾರ್ಥಿ ಇದನ್ನು ಓದಿದರೆ, ಓದದೆ ಹಿಡಿಯಬಹುದಾಗಿದ್ದ ದಾರಿಗಿಂತ ಎಷ್ಟು ಹೆಚ್ಚು ಉಳಿಯುತ್ತದೆ ಎಂಬುದನ್ನು ಕೇಳಬೇಕು. ಅಳೆಯಬೇಕಾದದ್ದು ಸಂಬಳವನ್ನಲ್ಲ, ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು.

ಈ ಲೆಕ್ಕಕ್ಕೆ ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಸಾಕು. ಇದನ್ನು ವಿದ್ಯಾರ್ಥಿ ಮತ್ತು ಹಣ ಕೊಡುವವರು ಒಟ್ಟಿಗೆ ಕುಳಿತು ಮಾಡಬೇಕು. ಮಾಧ್ಯಮದ ಮೇಲಿನ ಪ್ರೀತಿಯನ್ನು ತಣ್ಣಗಾಗಿಸುವುದು ಇದರ ಉದ್ದೇಶವಲ್ಲ. ಸಾಲದ ಕಂತಿಗೆ ಕಟ್ಟುಬಿದ್ದ ಯುವ ವರದಿಗಾರರು ತಮ್ಮ ಬೀಟ್ (ವರದಿ ಮಾಡಲು ವಹಿಸಿದ ಕ್ಷೇತ್ರ) ಕಲಿಯುವ ಮೊದಲೇ ವೃತ್ತಿ ಬಿಡಬೇಕಾಗುತ್ತದೆ. ವೃತ್ತಿಯಲ್ಲಿ ಉಳಿಯಬೇಕೆನ್ನುವವರಿಗೇ ಈ ಲೆಕ್ಕ ಹೆಚ್ಚು ಬೇಕು.

ಹೆಜ್ಜೆ 1: ಯಾವ ಕೆಲಸಕ್ಕಾಗಿ ಓದುತ್ತೀರಿ ಎಂಬುದನ್ನು ಬರೆದಿಡಿ

ಮಾಧ್ಯಮ ಪದವಿ ಕೆಲವು ಉದ್ಯೋಗಗಳಿಗೆ ಕಡ್ಡಾಯವಾದ ಅರ್ಹತೆ, ಉಳಿದವಕ್ಕೆ ಕೇವಲ ತರಬೇತಿ. ಈ ಭೇದ ಸ್ಪಷ್ಟವಾಗದಿದ್ದರೆ ಮುಂದಿನ ಯಾವ ಅಂಕಿಯೂ ಸರಿಬರುವುದಿಲ್ಲ.

ಕಡ್ಡಾಯವಾಗಿರುವ ಕಡೆ ಲೆಕ್ಕ ಸುಲಭ. ಭಾರತೀಯ ಮಾಹಿತಿ ಸೇವೆಯ ‘ಬಿ’ ಗುಂಪಿನ ಸೀನಿಯರ್ ಗ್ರೇಡ್ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗ ನೇರ ನೇಮಕಾತಿ ನಡೆಸುವಾಗ ಪತ್ರಿಕೋದ್ಯಮದ ಪದವಿ ಅಥವಾ ಡಿಪ್ಲೊಮಾ ಕೇಳುತ್ತದೆ. ಸಂಬಂಧಪಟ್ಟ ಭಾರತೀಯ ಭಾಷೆಯನ್ನು ಹತ್ತನೇ ತರಗತಿಯವರೆಗೆ ಓದಿರಬೇಕೆಂಬ ಷರತ್ತೂ ಇರುವುದರಿಂದ, ಕನ್ನಡದ ಹುದ್ದೆಗಳು ಬಂದಾಗ ಕನ್ನಡ ಓದಿದವರಿಗೆ ಅನುಕೂಲವಾಗುತ್ತದೆ. ಈ ಹುದ್ದೆ ಏಳನೇ ವೇತನ ಹಂತದ್ದು, ಆರಂಭದ ಮೂಲ ವೇತನ 44,900 ರೂಪಾಯಿ. ಕಾಲೇಜು ಅಧ್ಯಾಪಕರಾಗಲು ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮತ್ತು ಎನ್‌ಇಟಿ ಅಥವಾ ಕೆಸೆಟ್ (ಅಧ್ಯಾಪಕರಾಗಲು ಕೇಂದ್ರ, ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು) ಅರ್ಹತೆ ಬೇಕು. ಯುಜಿಸಿ ವೇತನ ಶ್ರೇಣಿಯ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆರಂಭಿಕ ಮೂಲ ವೇತನ 57,700 ರೂಪಾಯಿ. ಸಂಖ್ಯೆಗಳು ಆಕರ್ಷಕವಾಗಿವೆ, ಆದರೆ ಹುದ್ದೆಗಳು ಕಡಿಮೆ, ಅಧಿಸೂಚನೆಗಳು ಪ್ರತಿವರ್ಷ ಬರುವುದಿಲ್ಲ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರಾಗಿ ಕಳೆಯಬೇಕಾದ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಸರ್ಕಾರಿ ಹುದ್ದೆಯೇ ಗುರಿಯಾಗಿದ್ದರೆ ದುಬಾರಿ ಕಾಲೇಜಿಗೆ ಕಾರಣವೇ ಇಲ್ಲ, ಏಕೆಂದರೆ ಆಯೋಗ ನೋಡುವುದು ಮಾನ್ಯತೆ ಪಡೆದ ಪದವಿಯನ್ನು, ಕ್ಯಾಂಪಸ್ಸಿನ ಸ್ಟುಡಿಯೊವನ್ನಲ್ಲ.

ಸುದ್ದಿಮನೆಯ ವಿಷಯ ಬೇರೆ. ಕನ್ನಡ ದಿನಪತ್ರಿಕೆಗಳು ಟ್ರೇನಿಗಳನ್ನು ಆರಿಸಿಕೊಳ್ಳುವಾಗ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ, ಪ್ರಚಲಿತ ವಿದ್ಯಮಾನ ಮತ್ತು ಬರವಣಿಗೆಯ ಪರೀಕ್ಷೆ ಕೊಡುವುದು ವಾಡಿಕೆ. ಕನ್ನಡ ಎಂ.ಎ. ಮಾಡಿದವರು, ವಿಜ್ಞಾನ ಪದವೀಧರರು, ಎಂಜಿನಿಯರಿಂಗ್ ಬಿಟ್ಟು ಬಂದವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ಟಿವಿ ವಾಹಿನಿಗಳಲ್ಲಿ ಧ್ವನಿ, ವೇಗ ಮತ್ತು ಕ್ಯಾಮೆರಾ ಮುಂದಿನ ನಿರಾಳತೆಗೆ ಬೆಲೆ. ಜಾಹೀರಾತು, ಸಾರ್ವಜನಿಕ ಸಂಪರ್ಕ ಮತ್ತು ಕಾರ್ಪೊರೇಟ್ ಸಂವಹನದಲ್ಲಿ ಪದವಿಗಿಂತ ಹಿಂದೆ ಮಾಡಿದ ಕೆಲಸದ ಮಾದರಿಗಳನ್ನು ಮೊದಲು ನೋಡುತ್ತಾರೆ. ಈ ಕಡೆಗಳಲ್ಲಿ ಪದವಿಯ ಆರ್ಥಿಕ ಬೆಲೆಯೆಂದರೆ ಅದು ಕಲಿಸಿದ ಕೌಶಲ ಮತ್ತು ಅದು ಕೊಡಿಸಿದ ಇಂಟರ್ನ್‌ಶಿಪ್, ಅಷ್ಟೇ.

ಹೆಜ್ಜೆ 2: ಶುಲ್ಕವನ್ನಲ್ಲ, ಪೂರ್ತಿ ಖರ್ಚನ್ನು ಕೂಡಿಸಿ

ಕಾಲೇಜಿನ ಬ್ರೋಷರಿನಲ್ಲಿರುವ ಬೋಧನಾ ಶುಲ್ಕ ಆರಂಭ ಮಾತ್ರ. ಅದಕ್ಕೆ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಲ್ಯಾಬ್ ಶುಲ್ಕ, ಪ್ರವಾಸ ಮತ್ತು ಫೆಸ್ಟ್‌ಗಳಿಗೆ ಕೇಳುವ ಹಣ, ಹಾಸ್ಟೆಲ್ ಅಥವಾ ಪಿಜಿ ಬಾಡಿಗೆ, ಊಟ, ಬಸ್ಸು, ಊರಿಗೆ ಹೋಗಿಬರುವ ಖರ್ಚು ಸೇರಬೇಕು. ಮಾಧ್ಯಮ ಓದುವವರಿಗೆ ವಿಡಿಯೊ ಎಡಿಟಿಂಗ್‌ಗೆ ತಡೆಯುವ ಲ್ಯಾಪ್‌ಟಾಪ್ ಬೇಕು. ಎರಡನೇ ವರ್ಷಕ್ಕೆ ಕ್ಯಾಮೆರಾ, ಲೆನ್ಸ್, ಮೈಕ್ ಎಂಬ ಮಾತು ಬರುತ್ತದೆ. ವಿಭಾಗದಲ್ಲಿ ಎಷ್ಟು ಕ್ಯಾಮೆರಾಗಳಿವೆ, ಅವನ್ನು ವಿದ್ಯಾರ್ಥಿಗಳಿಗೆ ಎಷ್ಟು ದಿನ ಹೊರಗೆ ಕೊಡುತ್ತಾರೆ ಎಂಬುದನ್ನು ಪ್ರವೇಶಕ್ಕೆ ಮೊದಲೇ ಕೇಳಿದರೆ ಈ ಸಾಲಿನ ಅಂಕಿ ಸ್ಪಷ್ಟವಾಗುತ್ತದೆ. ಇಂಟರ್ನ್‌ಶಿಪ್‌ಗಳಲ್ಲಿ ಹಲವು ಸಂಬಳವಿಲ್ಲದವು. ಬೇರೆ ಊರಿನಲ್ಲಿ ಉಳಿದು ಅವನ್ನು ಮಾಡಲು ತಗಲುವ ಹಣವೂ ಓದಿನ ಖರ್ಚೇ.

ಪಿಯುಸಿ ಮುಗಿಸಿದವರಿಗೆ ಪದವಿಯ ವರ್ಷಗಳಲ್ಲಿ ಕಳೆದುಕೊಳ್ಳುವ ಸಂಬಳ ದೊಡ್ಡ ವಿಷಯವಲ್ಲ, ಏಕೆಂದರೆ ಅವರು ಹೇಗೂ ಯಾವುದಾದರೊಂದು ಪದವಿ ಓದುತ್ತಾರೆ. ಆದರೆ ಪದವಿ ಮುಗಿಸಿ ಎರಡು ವರ್ಷದ ಎಂ.ಎ.ಗೆ ಹೋಗುವವರು ಆ ಎರಡು ವರ್ಷದಲ್ಲಿ ದುಡಿಯಬಹುದಾಗಿದ್ದ ಹಣವನ್ನು ಖರ್ಚಿನ ಪಟ್ಟಿಗೆ ಸೇರಿಸಲೇಬೇಕು. ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎ.ಗೆ ಶುಲ್ಕಕ್ಕಿಂತ ಈ ಮೊತ್ತವೇ ಹೆಚ್ಚಿರುತ್ತದೆ.

ಖರ್ಚನ್ನು ತಗ್ಗಿಸುವ ಅಂಶಗಳನ್ನೂ ಪ್ರಾಮಾಣಿಕವಾಗಿ ಬರೆಯಿರಿ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಯರ ಪ್ರಯಾಣ ವೆಚ್ಚ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮನೆಯಿಂದಲೇ ಜಿಲ್ಲಾ ಕೇಂದ್ರದ ಕಾಲೇಜಿಗೆ ಹೋಗಿಬರುವವರಿಗೆ ಇದು ದೊಡ್ಡ ಉಳಿತಾಯ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಮುಂತಾದ ನೆರವುಗಳಿವೆ. ನಿಮಗೆ ಅನ್ವಯಿಸುವುದನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ನೋಡಿ, ಮಂಜೂರಾದ ಮೇಲಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರಬಹುದಾದ ವಿದ್ಯಾರ್ಥಿವೇತನದ ಭರವಸೆಯ ಮೇಲೆ ಕಾಲೇಜು ಆರಿಸುವುದು ಅಪಾಯಕರ.

ಹೆಜ್ಜೆ 3: ‘ಪ್ಯಾಕೇಜ್’ ಎಂಬುದನ್ನು ಕೈಗೆ ಬರುವ ಹಣವಾಗಿ ಇಳಿಸಿ

ಕ್ಯಾಂಪಸ್ ಆಯ್ಕೆಯಲ್ಲಿ ‘ವರ್ಷಕ್ಕೆ ಮೂರು ಲಕ್ಷದ ಪ್ಯಾಕೇಜ್’ ಎನ್ನುವುದನ್ನು ಕೇಳಿದಾಗ ಮನೆಯವರು ತಿಂಗಳಿಗೆ 25,000 ಎಂದುಕೊಳ್ಳುತ್ತಾರೆ. ಹಾಗೆ ಬರುವುದಿಲ್ಲ. ಮೂಲ ವೇತನ ಪ್ಯಾಕೇಜಿನ ಅರ್ಧ, ಅಂದರೆ 12,500 ಎಂದಿಟ್ಟುಕೊಳ್ಳೋಣ. ಸಂಸ್ಥೆ ಭವಿಷ್ಯ ನಿಧಿಗೆ ತನ್ನ ಪಾಲಾಗಿ ಕಟ್ಟುವ ಶೇ 12, ಅಂದರೆ 1,500 ರೂಪಾಯಿ, ಆ 25,000ದ ಒಳಗೇ ಇರುತ್ತದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡುವ ಉಪಧನ) ಹೆಸರಿನಲ್ಲಿ ಮೂಲ ವೇತನದ ಶೇ 4.81, ಸುಮಾರು 600 ರೂಪಾಯಿ, ಅದೂ ಒಳಗೇ. ಸಾಮಾನ್ಯವಾಗಿ ನಿಗದಿತ ವರ್ಷಗಳ ಸೇವೆ ಪೂರೈಸಿದವರಿಗೆ ಮಾತ್ರ ಗ್ರಾಚ್ಯುಟಿ ಸಿಗುವುದರಿಂದ, ಪದೇಪದೇ ಕೆಲಸ ಬದಲಿಸುವ ಯುವ ಪತ್ರಕರ್ತರ ಪಾಲಿಗೆ ಅದು ಹಾಳೆಯ ಮೇಲಿನ ಅಂಕಿ. ಉಳಿದ ಸುಮಾರು 22,900ರಲ್ಲಿ ನೌಕರರ ಪಾಲಿನ ಭವಿಷ್ಯ ನಿಧಿ ಮತ್ತೊಂದು 1,500 ಕಡಿತವಾಗಿ ಬ್ಯಾಂಕ್ ಖಾತೆಗೆ ಬರುವುದು ಸುಮಾರು 21,400 ರೂಪಾಯಿ. ಭವಿಷ್ಯ ನಿಧಿ ನಿಮ್ಮದೇ ಹಣ, ನಷ್ಟವಲ್ಲ. ಆದರೆ ತಿಂಗಳ ಬಾಡಿಗೆಯನ್ನು ಅದರಿಂದ ಕಟ್ಟಲಾಗದು.

ಇದು ಕಾಯಂ ನೌಕರಿಯ ಮಾತು. ಹಲವು ಡಿಜಿಟಲ್ ಸಂಸ್ಥೆಗಳು ‘ಸಲಹೆಗಾರ’ ಎಂಬ ಒಪ್ಪಂದದ ಮೇಲೆ ಕೆಲಸ ಕೊಡುತ್ತವೆ. ಅಲ್ಲಿ ಭವಿಷ್ಯ ನಿಧಿ ಇರುವುದಿಲ್ಲ, ಬದಲಿಗೆ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಕಡಿತವಾಗುತ್ತದೆ. ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕ ವರದಿಗಾರರಾಗಿ ಆರಂಭಿಸುವವರಿಗೆ ಸಂಭಾವನೆ ಇನ್ನೂ ಕಡಿಮೆ, ಮತ್ತು ಅದರೊಂದಿಗೆ ಜಾಹೀರಾತು ತರುವ ಹೊಣೆಯೂ ಕೆಲವೆಡೆ ಅಂಟಿಕೊಂಡಿರುತ್ತದೆ. ಪತ್ರಿಕಾ ನೌಕರರ ವೇತನಕ್ಕೆ ಸಂಬಂಧಿಸಿದ ಮಜೀಥಿಯಾ ಮಂಡಳಿಯ ಶಿಫಾರಸುಗಳನ್ನು ಕೇಂದ್ರ ಸರ್ಕಾರ 2011ರ ನವೆಂಬರ್‌ನಲ್ಲಿ ಅಧಿಸೂಚಿಸಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ಆದರೂ ಹೊಸಬರು ಗುತ್ತಿಗೆಯ ಮೇಲೆ ಸೇರುವುದೇ ಹೆಚ್ಚಾಗಿರುವುದರಿಂದ, ನಿಮ್ಮ ಲೆಕ್ಕಕ್ಕೆ ವೇತನ ಮಂಡಳಿಯ ಅಂಕಿಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.

ಹೆಜ್ಜೆ 4: ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿ ಇಡಿ

ಇಲ್ಲಿಂದ ಮುಂದೆ ಒಂದು ಉದಾಹರಣೆ ಹಿಡಿದು ಸಾಗೋಣ. ಅಂಕಿಗಳು ವಿಧಾನ ತೋರಿಸಲು ಊಹಿಸಿಕೊಂಡವು, ನಿಮ್ಮವನ್ನು ನೀವು ತುಂಬಿಕೊಳ್ಳಬೇಕು.

ಹಾಸನದ ಒಬ್ಬ ವಿದ್ಯಾರ್ಥಿನಿಯ ಮುಂದೆ ಎರಡು ದಾರಿಗಳಿವೆ. ಒಂದು, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಮಾಧ್ಯಮ ಪದವಿ: ಮೂರು ವರ್ಷದ ಶುಲ್ಕ 6 ಲಕ್ಷ, ಪಿಜಿ ಮತ್ತು ಊಟ 3.6 ಲಕ್ಷ, ಲ್ಯಾಪ್‌ಟಾಪ್ ಮತ್ತು ಕ್ಯಾಮೆರಾ 80 ಸಾವಿರ, ಒಟ್ಟು 10.4 ಲಕ್ಷ. ಇನ್ನೊಂದು, ಊರಿನಲ್ಲೇ ಬಿ.ಕಾಂ. ಓದಿ ಲೆಕ್ಕಪತ್ರದ ಕೆಲಸ ಹಿಡಿಯುವುದು: ಒಟ್ಟು ಖರ್ಚು 1 ಲಕ್ಷ. ಮೊದಲ ದಾರಿಗೆ ಹೆಚ್ಚುವರಿ ಖರ್ಚು 9.4 ಲಕ್ಷ.

ಪದವಿಯ ನಂತರ ಮೊದಲ ದಾರಿಯಲ್ಲಿ ತಿಂಗಳಿಗೆ 21,000 ಕೈಗೆ ಬರುತ್ತದೆ, ಬೆಂಗಳೂರಿನಲ್ಲಿ ಬದುಕಲು 12,000 ಬೇಕು. ಎರಡನೆಯದರಲ್ಲಿ 16,000 ಬರುತ್ತದೆ, ಮನೆಯಲ್ಲೇ ಇರುವುದರಿಂದ 4,000 ಸಾಕು. ಸಂಬಳ ನೋಡಿದರೆ ಮಾಧ್ಯಮದ ದಾರಿ 5,000 ಮುಂದಿದೆ; ಉಳಿತಾಯ ನೋಡಿದರೆ 3,000 ಹಿಂದಿದೆ. ಮೊದಲ ವರ್ಷದ ಈ ಚಿತ್ರವನ್ನು ಯಾವ ಬ್ರೋಷರ್ ಕೂಡ ತೋರಿಸುವುದಿಲ್ಲ.

ಈಗ ವರ್ಷದ ಬೆಳವಣಿಗೆ ಸೇರಿಸಿ. ಮಾಧ್ಯಮದ ಸಂಬಳ ವರ್ಷಕ್ಕೆ ಶೇ 12, ಲೆಕ್ಕಪತ್ರದ ಸಂಬಳ ಶೇ 7, ಎರಡೂ ಕಡೆ ಜೀವನ ವೆಚ್ಚ ಶೇ 5ರಂತೆ ಏರುತ್ತದೆ ಎಂದುಕೊಂಡರೆ, ಮೊದಲ ಮೂರು ವರ್ಷ ಮಾಧ್ಯಮದ ದಾರಿಯ ಉಳಿತಾಯ ಕಡಿಮೆಯೇ ಇರುತ್ತದೆ. ನಾಲ್ಕನೇ ವರ್ಷ ಅದು ಮುಂದೆ ಬರುತ್ತದೆ. ಆರನೇ ವರ್ಷಕ್ಕೆ ಹಿಂದಿನ ಕೊರತೆಯೆಲ್ಲ ತುಂಬಿ ವ್ಯತ್ಯಾಸ ಲಾಭಕ್ಕೆ ತಿರುಗುತ್ತದೆ. ಆದರೂ ಹತ್ತು ವರ್ಷ ತುಂಬಿದಾಗ ಕೂಡಿಬಂದ ಹೆಚ್ಚುವರಿ ಉಳಿತಾಯ ಸುಮಾರು 5.6 ಲಕ್ಷ ಮಾತ್ರ. ಹಾಕಿದ 9.4 ಲಕ್ಷ ಪೂರ್ತಿ ಮರಳುವುದು ಹನ್ನೆರಡನೇ ವರ್ಷದಲ್ಲಿ, ಅದೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಅದೇ 9.4 ಲಕ್ಷವನ್ನು ಶೇ 7ರ ಠೇವಣಿಯಲ್ಲಿ ಹನ್ನೆರಡು ವರ್ಷ ಇಟ್ಟಿದ್ದರೆ ತೆರಿಗೆಗೆ ಮುನ್ನ ಸುಮಾರು 21 ಲಕ್ಷವಾಗುತ್ತಿತ್ತು ಎಂಬುದನ್ನು ಕೈಯಿಂದಲೇ ಹಣ ಕಟ್ಟುವ ಪೋಷಕರು ಗಮನಿಸಬೇಕು.

ಇದೇ ವಿದ್ಯಾರ್ಥಿನಿ ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ, ಹಾಸ್ಟೆಲ್ ಮತ್ತು ಲ್ಯಾಪ್‌ಟಾಪ್ ಸೇರಿ ಒಟ್ಟು 3 ಲಕ್ಷದಲ್ಲಿ ಪತ್ರಿಕೋದ್ಯಮ ಓದಿ, ಬೆಂಗಳೂರಿನ ಅದೇ ಕೆಲಸಕ್ಕೆ ಅದೇ ಸಂಬಳಕ್ಕೆ ಸೇರಿದಳು ಎನ್ನೋಣ. ಹೆಚ್ಚುವರಿ ಖರ್ಚು 2 ಲಕ್ಷಕ್ಕೆ ಇಳಿಯುತ್ತದೆ, ಅದು ಎಂಟನೇ ವರ್ಷಕ್ಕೇ ಮರಳುತ್ತದೆ. ಕೆಲಸ ಬದಲಾಗಿಲ್ಲ, ಸಂಬಳ ಬದಲಾಗಿಲ್ಲ, ನಾಲ್ಕು ವರ್ಷ ಉಳಿಯಿತು. ಮೈಸೂರಿನಲ್ಲಿ ಪತ್ರಿಕೋದ್ಯಮದ ಪಾಠ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಆರಂಭವಾದದ್ದು. ಸರ್ಕಾರಿ ವಿಭಾಗಗಳೆಂದರೆ ಎರಡನೇ ದರ್ಜೆಯವು ಎಂಬ ಭಾವನೆಗೆ ಈ ಕ್ಷೇತ್ರದಲ್ಲಿ ಆಧಾರವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖಾಸಗಿ ಕಾಲೇಜಿನ ಪರವಾಗಿ ಹೇಳಬೇಕಾದ ಮಾತೂ ಇದೆ. ಅಲ್ಲಿನ ಇಂಟರ್ನ್‌ಶಿಪ್ ಸಂಪರ್ಕ, ಇಂಗ್ಲಿಷ್ ಪರಿಸರ ಮತ್ತು ಜಾಹೀರಾತು ಸಂಸ್ಥೆಗಳ ಕ್ಯಾಂಪಸ್ ಭೇಟಿಯಿಂದ ಆರಂಭದ ಸಂಬಳವೇ ಹೆಚ್ಚಿದ್ದರೆ ಲೆಕ್ಕ ಬದಲಾಗುತ್ತದೆ. ಆ ‘ಹೆಚ್ಚು’ ಎಷ್ಟು ಎಂಬುದನ್ನು ಕಾಲೇಜಿನ ಮಾತಿನಿಂದಲ್ಲ, ಮುಂದಿನ ಹೆಜ್ಜೆಯಿಂದ ತಿಳಿಯಬೇಕು.

ಹೆಜ್ಜೆ 5: ಸಂಬಳದ ಏರಿಕೆಯ ವೇಗವನ್ನು ಹಳೆಯ ವಿದ್ಯಾರ್ಥಿಗಳಿಂದ ತಿಳಿಯಿರಿ

ಈ ಇಡೀ ಲೆಕ್ಕದಲ್ಲಿ ಫಲಿತಾಂಶವನ್ನು ತಲೆಕೆಳಗು ಮಾಡುವ ಅಂಕಿ ಒಂದೇ. ಮೇಲಿನ ಉದಾಹರಣೆಯಲ್ಲಿ ಮಾಧ್ಯಮದ ಸಂಬಳ ಶೇ 12ರ ಬದಲು ಶೇ 8ರಂತೆ ಏರಿದರೆ, ಒಂಬತ್ತನೇ ವರ್ಷದವರೆಗೂ ಆ ದಾರಿಯ ಉಳಿತಾಯ ಹಿಂದೆಯೇ ಉಳಿಯುತ್ತದೆ, ಹತ್ತು ವರ್ಷದ ಕೊನೆಗೆ 2 ಲಕ್ಷಕ್ಕೂ ಹೆಚ್ಚು ಕೊರತೆ ಕಾಣುತ್ತದೆ. ಶುಲ್ಕದ ಒಂದು ರೂಪಾಯಿಯೂ ಮರಳಿರುವುದಿಲ್ಲ. ನಾಲ್ಕು ಶೇಕಡಾ ಅಂಶಗಳ ವ್ಯತ್ಯಾಸಕ್ಕೆ ಇಷ್ಟು ಪರಿಣಾಮ.

ಈ ವೇಗವನ್ನು ತಿಳಿಯಲು ಕಾಲೇಜಿನ ‘ಅತಿ ಹೆಚ್ಚು ಪ್ಯಾಕೇಜ್’ ಪೋಸ್ಟರ್ ಯಾವ ರೀತಿಯಲ್ಲೂ ಸಹಾಯಕ್ಕೆ ಬಾರದು. ಅದು ಒಬ್ಬ ವಿದ್ಯಾರ್ಥಿಯ ಮೊದಲ ವರ್ಷದ ಸುದ್ದಿ. ಬದಲಿಗೆ ಆ ವಿಭಾಗದಿಂದ ಐದು ವರ್ಷದ ಹಿಂದೆ ಮತ್ತು ಹತ್ತು ವರ್ಷದ ಹಿಂದೆ ಹೊರಬಂದವರನ್ನು ಲಿಂಕ್ಡ್‌ಇನ್ ಮೂಲಕವೋ ಅಧ್ಯಾಪಕರ ಮೂಲಕವೋ ಹುಡುಕಿ ಮಾತನಾಡಿಸಿ. ಚೆನ್ನಾಗಿ ನೆಲೆಯೂರಿದವರನ್ನಷ್ಟೇ ಕೇಳಿದರೆ ಚಿತ್ರ ಓರೆಯಾಗುತ್ತದೆ, ಆದ್ದರಿಂದ ಪ್ರತಿಯೊಬ್ಬರಿಂದಲೂ ಅವರ ತರಗತಿಯಲ್ಲಿ ವೃತ್ತಿ ಬಿಟ್ಟವರು ಯಾರು, ಅವರು ಈಗೇನು ಮಾಡುತ್ತಿದ್ದಾರೆ ಎಂದು ಕೇಳಿ, ಸಾಧ್ಯವಾದರೆ ಅವರನ್ನೂ ಮಾತನಾಡಿಸಿ. ಸಂಬಳ ಎಷ್ಟೆಂದು ನೇರವಾಗಿ ಕೇಳಿದರೆ ಸಂಕೋಚಪಡುತ್ತಾರೆ. ‘ನಮ್ಮಂಥವರು ಐದು ವರ್ಷಕ್ಕೆ ಸುಮಾರು ಎಷ್ಟು ನಿರೀಕ್ಷಿಸಬಹುದು ಸರ್’ ಎಂದು ಕೇಳಿದರೆ ಸಾಮಾನ್ಯವಾಗಿ ಪ್ರಾಮಾಣಿಕ ಉತ್ತರ ಸಿಗುತ್ತದೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಕೇಳಬೇಕಾದದ್ದು ಸರಾಸರಿಯನ್ನೂ ಅಲ್ಲ. ತರಗತಿಯ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ನಿಲ್ಲುವ ವಿದ್ಯಾರ್ಥಿಯ ಸಂಬಳ ಎಷ್ಟು, ಎಷ್ಟು ಜನ ನೋಂದಾಯಿಸಿದ್ದರು, ಎಷ್ಟು ಜನರಿಗೆ ಮಾಧ್ಯಮಕ್ಕೇ ಸಂಬಂಧಿಸಿದ ಕೆಲಸ ಸಿಕ್ಕಿತು ಎಂದು ಬರಹದಲ್ಲಿ ಕೇಳಿ. ಉತ್ತರ ಕೊಡಲು ಹಿಂಜರಿದರೆ ನಿಮ್ಮ ಹಾಳೆಯಲ್ಲಿ ಕಡಿಮೆ ಅಂಕಿಯನ್ನೇ ಬರೆದುಕೊಳ್ಳಿ.

ಏರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಅವರಿಂದಲೇ ತಿಳಿಯಬಹುದು. ಒಂದೇ ಡೆಸ್ಕಿನಲ್ಲಿ ಉಪಸಂಪಾದಕರಾಗಿ ಉಳಿದವರಿಗಿಂತ, ಎರಡು ಭಾಷೆಗಳಲ್ಲಿ ಬರೆಯಬಲ್ಲವರು, ವಿಡಿಯೊ ಎಡಿಟಿಂಗ್ ಅಥವಾ ದತ್ತಾಂಶ ವಿಶ್ಲೇಷಣೆ ಬಲ್ಲವರು, ಕಾರ್ಪೊರೇಟ್ ಸಂವಹನಕ್ಕೆ ಅಥವಾ ಒಟಿಟಿ ಸಂಸ್ಥೆಗಳ ಕನ್ನಡ ಸಬ್‌ಟೈಟಲ್, ಡಬ್ಬಿಂಗ್ ಕೆಲಸಕ್ಕೆ ಹೊರಳಿದವರು ಬೇಗ ಮೇಲೇರುತ್ತಾರೆ. ನಿಮ್ಮ ಪಠ್ಯಕ್ರಮ ಈ ಕೌಶಲಗಳಿಗೆ ಎಷ್ಟು ಗಂಟೆ ಕೊಡುತ್ತದೆ ಎಂದು ನೋಡಿ. ಕೊಡದಿದ್ದರೆ ಹೊರಗೆ ಕಲಿಯುವ ಖರ್ಚನ್ನು ಎರಡನೇ ಹೆಜ್ಜೆಯ ಮೊತ್ತಕ್ಕೆ ಸೇರಿಸಿ.

ಹೆಜ್ಜೆ 6: ಸಾಲವಾದರೆ ಕಂತನ್ನು ಮೊದಲ ಸಂಬಳದ ಎದುರು ಇಟ್ಟು ನೋಡಿ

ಮೇಲಿನ 6 ಲಕ್ಷ ಶುಲ್ಕವನ್ನು ವರ್ಷಕ್ಕೆ 2 ಲಕ್ಷದಂತೆ ಶೇ 10.5ರ ಬಡ್ಡಿಗೆ ಸಾಲ ತೆಗೆದಿರಿ ಎಂದುಕೊಳ್ಳಿ. ಓದಿನ ಮೂರು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಮೊದಲ ವರ್ಷ ಪಡೆದ ಸಾಲಕ್ಕೆ ನಾಲ್ಕು ವರ್ಷ, ಎರಡನೇ ವರ್ಷದ್ದಕ್ಕೆ ಮೂರು, ಮೂರನೇ ವರ್ಷದ್ದಕ್ಕೆ ಎರಡು ವರ್ಷದ ಸರಳ ಬಡ್ಡಿ ಸೇರಿ 1.89 ಲಕ್ಷವಾಗುತ್ತದೆ. ಮರುಪಾವತಿ ಶುರುವಾಗುವಾಗ ಸಾಲ 7.89 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 10,650 ರೂಪಾಯಿ, ಒಟ್ಟು ಕಟ್ಟುವುದು ಸುಮಾರು 12.8 ಲಕ್ಷ.

ಮೂರನೇ ಹೆಜ್ಜೆಯಲ್ಲಿ ಕಂಡ 21,400ರಲ್ಲಿ 10,650 ಕಂತು ಹೋದರೆ 10,750 ಉಳಿಯುತ್ತದೆ. ಬೆಂಗಳೂರಿನಲ್ಲಿ ಊಟ ಸಹಿತ ಪಿಜಿಗೆ 9,000 ಕೊಟ್ಟರೆ ಕೈಯಲ್ಲಿ 1,750. ಫೋನ್, ಬಟ್ಟೆ, ಔಷಧ, ಊರಿನ ಬಸ್ಸು, ಎಲ್ಲವೂ ಅದರಲ್ಲೇ ಆಗಬೇಕು. ಹೀಗೆ ಬದುಕಲಾಗದು. ಕಂತು ಕೈಗೆ ಬರುವ ಸಂಬಳದ ಐದನೇ ಒಂದು ಭಾಗವನ್ನು ಮೀರಬಾರದು ಎಂಬ ಮಿತಿಯನ್ನು ಈ ವೃತ್ತಿಗೆ ನಾನು ಸೂಚಿಸುತ್ತೇನೆ. 21,400ಕ್ಕೆ ಅದು ಸುಮಾರು 4,300. ಅಷ್ಟು ಕಂತಿಗೆ ಹೊಂದುವ ಸಾಲ, ಕಂತಿಲ್ಲದ ಅವಧಿಯ ಬಡ್ಡಿಯೂ ಸೇರಿ, 3.2 ಲಕ್ಷಕ್ಕಿಂತ ಕಡಿಮೆ.

ಸಾಲ ತೆಗೆಯಲೇಬೇಕಾದರೆ ಓದುವಾಗಲೇ ಬಡ್ಡಿಯನ್ನು ಕಟ್ಟುತ್ತಾ ಹೋಗಿ. ಹಾಗೆ ಕಟ್ಟಿದವರಿಗೆ ಹಲವು ಬ್ಯಾಂಕುಗಳು ಬಡ್ಡಿದರದಲ್ಲಿ ರಿಯಾಯಿತಿ ಕೊಡುತ್ತವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದವರೆಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಕಂತಿಲ್ಲದ ಅವಧಿಯಲ್ಲಿ ಶೇ 3ರ ಬಡ್ಡಿ ನೆರವಿದೆ. ಆದರೆ ಫಲಾನುಭವಿಗಳ ಸಂಖ್ಯೆಗೆ ಮಿತಿಯಿದೆ, ಎನ್‌ಐಆರ್‌ಎಫ್ (ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆ) ಶ್ರೇಯಾಂಕದ ಆಧಾರದಲ್ಲಿ ಪಟ್ಟಿಯಾದ ಸಂಸ್ಥೆಗಳಿಗಷ್ಟೇ ಇದು ಅನ್ವಯಿಸುತ್ತದೆ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂಬುದನ್ನು ಪೋರ್ಟಲಿನಲ್ಲಿ ನೋಡಿಯೇ ನಂಬಿ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಮತ್ತು ಆರಂಭದ ಪತ್ರಕರ್ತರ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲವಾದ್ದರಿಂದ ಅದನ್ನು ಲಾಭವೆಂದು ಎಣಿಸಬೇಡಿ.

ಹೆಜ್ಜೆ 7: ಅದೇ ಗುರಿಗೆ ಅಗ್ಗದ ದಾರಿ ಇದೆಯೇ ಎಂದು ಹುಡುಕಿ

ಅಂಕಿಗಳು ಕೆಂಪಾಗಿ ಕಂಡರೆ ಆಸೆ ಬಿಡಬೇಕಿಲ್ಲ, ದಾರಿ ಬದಲಿಸಬೇಕು. ಪದವಿಯಲ್ಲಿ ಅರ್ಥಶಾಸ್ತ್ರ, ಕಾನೂನು, ವಿಜ್ಞಾನ ಅಥವಾ ಕನ್ನಡ ಸಾಹಿತ್ಯವನ್ನು ಕಡಿಮೆ ಖರ್ಚಿನಲ್ಲಿ ಓದಿ, ನಂತರ ಮಾಧ್ಯಮದ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಮಾಡುವುದು ನನ್ನ ಮಟ್ಟಿಗೆ ಅತ್ಯಂತ ಸಮಂಜಸವಾದ ದಾರಿ. ಮಾಧ್ಯಮ ಕೈಹಿಡಿಯದಿದ್ದರೂ ಮೊದಲ ಪದವಿ ಬೇರೆ ಕೆಲಸಕ್ಕೆ ನಿಲ್ಲುತ್ತದೆ. ಕೈಹಿಡಿದರೆ ಬಜೆಟ್ ವಿಶ್ಲೇಷಣೆಗೋ ನ್ಯಾಯಾಲಯದ ವರದಿಗೋ ಆ ವಿಷಯಜ್ಞಾನವೇ ಆಧಾರವಾಗುತ್ತದೆ. ಮೈಸೂರು, ಧಾರವಾಡ, ಮಂಗಳೂರು, ಶಿವಮೊಗ್ಗದ ಶಂಕರಘಟ್ಟ, ತುಮಕೂರು ಮುಂತಾದ ಕಡೆಯ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗಗಳಿವೆ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲೂ ಇದೆ. ದೆಹಲಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಭಾರತೀಯ ಸಮೂಹ ಸಂವಹನ ಸಂಸ್ಥೆಗೆ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆತಿದೆ. ಇಂಗ್ಲಿಷ್ ಪತ್ರಿಕೋದ್ಯಮದ ಗುರಿಯಿರುವವರು ಅದರ ಶುಲ್ಕ, ಖಾಸಗಿ ಸಂಸ್ಥೆಗಳ ಶುಲ್ಕ ಎರಡನ್ನೂ ಇದೇ ಹಾಳೆಯಲ್ಲಿ ಹೋಲಿಸಲಿ. ಈಗಾಗಲೇ ಕೆಲಸದಲ್ಲಿರುವವರಿಗೆ ದೂರಶಿಕ್ಷಣದ ಸ್ನಾತಕೋತ್ತರ ಪದವಿಯಿಂದ ಕಳೆದುಕೊಳ್ಳುವ ಸಂಬಳ ಸೊನ್ನೆಯಾಗುತ್ತದೆ, ಲೆಕ್ಕದಲ್ಲಿ ಇದಕ್ಕೆ ದೊಡ್ಡ ತೂಕ.

ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಇದನ್ನು ಆದಾಯವೆಂದು ಬರೆಯಬೇಡಿ, ಕೆಲಸ ಹುಡುಕುವ ತಿಂಗಳುಗಳ ಖರ್ಚಿನ ಎದುರು ಮಾತ್ರ ಇಡಿ.

ಹೆಜ್ಜೆ 8: ಎರಡನೇ ವರ್ಷದ ಶುಲ್ಕಕ್ಕೆ ಮುನ್ನ ಮತ್ತೊಮ್ಮೆ ಕೂಡಿಸಿ

ಸೇರಿದ ಮೇಲೂ ಹಾಳೆಯನ್ನು ಎತ್ತಿಡಬೇಡಿ. ಮೊದಲ ವರ್ಷದ ಕೊನೆಗೆ ನಿಜವಾಗಿ ಆದ ಖರ್ಚನ್ನು ಅಂದಾಜಿನ ಪಕ್ಕದಲ್ಲಿ ಬರೆಯಿರಿ. ವಿದ್ಯಾರ್ಥಿಯ ಹೆಸರಿನಲ್ಲಿ ಎಲ್ಲಾದರೂ ಪ್ರಕಟವಾದ ವರದಿ, ಪೂರ್ಣಗೊಳಿಸಿದ ವಿಡಿಯೊ, ಮಾಡಿದ ಇಂಟರ್ನ್‌ಶಿಪ್ ಎಷ್ಟಿವೆ ಎಂದು ಎಣಿಸಿ, ಏಕೆಂದರೆ ಏರಿಕೆಯ ವೇಗದ ಮೊದಲ ಸುಳಿವು ಅಲ್ಲಿದೆ. ಖರ್ಚು ಅಂದಾಜಿಗಿಂತ ಬಹಳ ಮೇಲೇರಿ, ಕೈಯಲ್ಲಿ ತೋರಿಸಲು ಒಂದೂ ಕೆಲಸವಿಲ್ಲದಿದ್ದರೆ, ಸರ್ಕಾರಿ ಕಾಲೇಜಿಗೆ ವರ್ಗಾವಣೆ ಸಾಧ್ಯವೇ, ಒಂದನೇ ವರ್ಷದ ಕ್ರೆಡಿಟ್‌ಗಳನ್ನು ಅವರು ಒಪ್ಪುತ್ತಾರೆಯೇ ಎಂದು ಆಗಲೇ ವಿಚಾರಿಸಿ. ಎರಡನೇ ವರ್ಷದ ಶುಲ್ಕ ಕಟ್ಟಿದ ಮೇಲೆ ಬದಲಾಯಿಸುವುದು ದುಬಾರಿ. ಆದ್ದರಿಂದ ಆ ಶುಲ್ಕದ ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮೊದಲೇ ಈ ವಿಚಾರಣೆ ಮುಗಿದಿರಲಿ.